ತೇಲುವ ಹುಲ್ಲು ತವರಿಗೆ ಹೋದದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು, ಬೆಟ್ಟಗಳು ಎಲ್ಲಿ ಕೂರೋಣವೆಂದು ಒಂದನ್ನೊಂದು ಕೇಳುತ್ತಿದ್ದ ಕಾಲ ಅದು, ಮಗು. ಮಣಿಪುರದ ಲೋಕ್ತಾಕ್ ಸರೋವರಕ್ಕೆ ದಡದ ಹುಲ್ಲಿನ ಮೇಲೆ ಮನಸ್ಸಾಯಿತು. ಮಣ್ಣು ತನ್ನ ಮಗಳನ್ನು ಅದಕ್ಕೆ ಮದುವೆ ಮಾಡಿಕೊಟ್ಟಿತು.

ಹುಲ್ಲು ನೀರಿನ ಮೇಲೆ ತೇಲುತ್ತ ಸಂಸಾರ ಹೂಡಿತು. ಅದರ ಬೆನ್ನ ಮೇಲೆ ಜಿಂಕೆ ಮನೆ ಮಾಡಿತು. ಬರುಬರುತ್ತ ಹುಲ್ಲು ಸೊರಗಿತು. ನೀರು ಎಷ್ಟಿದ್ದರೇನು, ಬೇರಿಗೆ ಮಣ್ಣಿನ ರುಚಿ ಸಿಗುತ್ತಿರಲಿಲ್ಲ. ಒಂದು ದಿನ ಜಿಂಕೆಮರಿಯ ಕಾಲು ತೆಳುವಾದ ಹುಲ್ಲನ್ನು ತೂರಿ ನೀರಿಗಿಳಿಯಿತು. ಮರಿ ಹೇಗೋ ಬದುಕಿತು.

ತವರಿಗೆ ಹೋಗಿಬರುತ್ತೇನೆಂದು ಹುಲ್ಲು ಕೇಳಿತು. ಸರೋವರ ಒಪ್ಪಲಿಲ್ಲ. ಹೋದವಳು ತಿರುಗಿ ಬರದಿದ್ದರೆ ಎಂಬ ಭಯ ಅದಕ್ಕೆ.

ಜಿಂಕೆ ದಡದ ಅರಸನ ಬಳಿ ದೂರು ಒಯ್ದಿತು. ಅಲ್ಲಿ ಆಳುತ್ತಿದ್ದುದು ಮೈತೈ ಜನರ ಹಳೆಯ ಕುಲ, ಮೊಯಿರಾಂಗ್ ಕುಲ. ಅರಸ ಲೈಖೊಂಬನಿಗೆ ಕುಲದ ಹೆಮ್ಮೆ ಬಹಳ. ಸ್ವಂತ ಕುಲದೊಳಗೆ ಮದುವೆ ಕೂಡದೆಂಬುದು ಅವರ ಕಟ್ಟಳೆ. ಹಾಗಾಗಿ ಮಗಳು ಥಾರೋಳನ್ನು ಆಚೆ ದಡದ ಲುವಾಂಗ್ ಕುಲಕ್ಕೆ ಕೊಟ್ಟಿದ್ದ. ಕೊಟ್ಟ ಮೇಲೆ ಅವಳು ಬೇರೆ ಕುಲದವಳೆಂದು ಹೆಸರನ್ನೂ ಎತ್ತುತ್ತಿರಲಿಲ್ಲ. ಮರೆಯಬೇಕೆಂದು ಕಟ್ಟಳೆ ಹೇಳಿರಲಿಲ್ಲ, ಅದು ಅರಸನೇ ಸೇರಿಸಿಕೊಂಡದ್ದು.

ಅರಸ ದಡಕ್ಕೆ ಬಂದು, ಹುಲ್ಲನ್ನು ಒಮ್ಮೆ ತಾಯಿಯ ಮನೆಗೆ ಕಳಿಸೆಂದು ಸರೋವರಕ್ಕೆ ಬುದ್ಧಿ ಹೇಳಿದ.

"ನಿಮ್ಮ ಥಾರೋ ತವರಿಗೆ ಬಂದು ಎಷ್ಟು ವರ್ಷವಾಯಿತು, ಅರಸರೇ?" ಎಂದಿತು ಸರೋವರ.

ಊರಿಗೆಲ್ಲ ನ್ಯಾಯ ಹೇಳುತ್ತಿದ್ದವನಿಗೆ ತನ್ನ ಮನೆಯದು ಕಂಡೇ ಇರಲಿಲ್ಲ, ನೋಡು. ಅವನು ಮಗನ ಕೈಗೆ ಬಾಳೆಹಣ್ಣು, ವೀಳ್ಯ ಕೊಟ್ಟು, ಅಕ್ಕನನ್ನು ಊಟಕ್ಕೆ ಕರೆದು ಬಾ ಎಂದು ದೋಣಿಯಲ್ಲಿ ಕಳಿಸಿದ.

ಥಾರೋ ಬಂದಳು. ಅಪ್ಪನೇ ಕೈಯಾರೆ ಅನ್ನ, ಮೀನಿನ ಸಾರು ಬಡಿಸಿದ.

"ಮರೆತೇಬಿಟ್ಟಿರಿ ಅಂದುಕೊಂಡಿದ್ದೆ, ಅಪ್ಪಾ," ಎಂದಳು.

ಅವನು ಎಲ್ಲರೆದುರೇ ಅತ್ತುಬಿಟ್ಟ. ಸಂಜೆಯಾಗುತ್ತಲೇ ಥಾರೋ ತಾನಾಗಿಯೇ ದೋಣಿ ಹತ್ತಿ ಗಂಡನ ಮನೆಗೆ ಹೊರಟಳು. ಯಾರೂ ಅವಳನ್ನು ಹೊರಡಿಸಬೇಕಾಗಲಿಲ್ಲ.

ಸರೋವರ ಇದನ್ನೆಲ್ಲ ನೋಡುತ್ತಿತ್ತು. ಅದರ ಭಯ ಇಳಿಯಿತು. ತನ್ನ ನೀರನ್ನು ತಾನೇ ತಗ್ಗಿಸಿ, ಹುಲ್ಲನ್ನು ಮೆಲ್ಲಗೆ ಮಣ್ಣಿನ ಮಡಿಲಿಗೆ ಇಳಿಸಿತು. ಬೇರುಗಳು ಹೊಟ್ಟೆ ತುಂಬ ಉಂಡವು. ಮೊದಲ ಮಳೆಗೆ ಸರೋವರ ಉಸಿರು ಬಿಗಿಹಿಡಿದು ಕಾಯಿತು. ಹುಲ್ಲು ತಾನಾಗಿಯೇ ಎದ್ದು ಬಂತು.

ಅದಕ್ಕೇ ಇಂದಿಗೂ ಬೇಸಿಗೆಯಲ್ಲಿ ಲೋಕ್ತಾಕ್ ಸರೋವರದ ತೇಲುವ ಹುಲ್ಲು ತಳಕ್ಕಿಳಿದು ಮಣ್ಣನ್ನು ಮುಟ್ಟುತ್ತದೆ, ಮಳೆ ಬಂದಾಗ ಜಿಂಕೆಯನ್ನು ಬೆನ್ನ ಮೇಲೆ ಹೊತ್ತು ಮತ್ತೆ ತೇಲುತ್ತದೆ.