ಹಸಿವು ಬಂದ ಸಂಜೆ

"ನನಗೋಸ್ಕರ ಸಿಟ್ಟಾದರೆ ತಪ್ಪು ಎನ್ನುತ್ತೀರಿ, ಒಪ್ಪಿದೆ. ಇನ್ನೊಬ್ಬರಿಗೋಸ್ಕರ ಸಿಟ್ಟಾದರೆ ಅದೂ ತಪ್ಪೇ, ಗುರುಗಳೇ?"

ಕೇಳಿದವನು ಮಠಕ್ಕೆ ಬರುವ ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಅಂದು ಬೆಳಿಗ್ಗೆ ಅವನು ಬಸ್ಸಿನ ಕಂಡಕ್ಟರನೊಡನೆ ಜೋರಾಗಿ ಜಗಳವಾಡಿ ಬಂದಿದ್ದ. ದರ್ಶನಕ್ಕೆ ಬಂದ ಮುದುಕಿಯೊಬ್ಬಳನ್ನು ಕಂಡಕ್ಟರ್ ಮಠದ ಮುಂದೆ ಇಳಿಸದೆ ಹಿಂದಿನ ತಿರುವಿನಲ್ಲೇ ಇಳಿಸಿಬಿಟ್ಟಿದ್ದ. ವಿಷಯ ತಿಳಿದ ಗುರುಗಳು, "ಇವತ್ತೂ ಸಿಟ್ಟೇ?" ಎಂದಷ್ಟೇ ಕೇಳಿದ್ದರು. ಆ ಮಾತು ಶಿಷ್ಯನಿಗೆ ನಾಟಿತ್ತು.

ಗುರುಗಳು ಕುಳಿತುಕೋ ಎಂದು ಕೈ ತೋರಿಸಿದರು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ದೊಡ್ಡ ಕಾಯಿಲೆಯಾಯಿತು. ಔಷಧಿಯಿಂದ ಕಾಯಿಲೆ ವಾಸಿಯಾಯಿತು, ಆದರೆ ಅದರ ಜೊತೆಗೆ ಅವಳ ಹಸಿವೂ ಹೋಯಿತು. ಬಾಯಿಗೆ ಏನಿಟ್ಟರೂ ಮಣ್ಣಿನಂತೆ. ಗಂಡ ಬೇಡಿಕೊಳ್ಳುತ್ತಾನೆಂದು ನಾಲ್ಕು ತುತ್ತು ನುಂಗುತ್ತಿದ್ದಳು, ಅಷ್ಟೇ.

ಗಂಡ ಒಳ್ಳೆಯವನು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ. ಗಂಜಿ ಕಾಯಿಸುವುದನ್ನು ಕಲಿತ. ಚಮಚ ಹಿಡಿದು ಅವಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ. ಅವಳು ಬಾಯಿ ತೆರೆದರೆ ಅವನ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತಿತ್ತು, ಮಗುವಿಗೆ ಉಣಿಸುವ ತಾಯಿಯಂತೆ. ಅವಳು ತಲೆಯಾಡಿಸಿದರೆ ಬಟ್ಟಲು ತೆಗೆದುಕೊಂಡು ಹಿತ್ತಲಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದ.

ವೈದ್ಯರು ಹೇಳಿದರು: "ಊರು ಬಿಟ್ಟು ನಾಲ್ಕು ದಿನ ಎಲ್ಲಾದರೂ ಹೋಗಿ ಬನ್ನಿ. ಹಸಿವು ಬರುತ್ತದೆ. ಯಾವಾಗ ಎಂದು ಹೇಳಲಾರೆ."

ವ್ಯಾಪಾರಿ ವಿಚಾರಿಸಿ ವಿಚಾರಿಸಿ, ಕಡಲ ತೀರದ ಒಂದು ದೊಡ್ಡ ರೆಸಾರ್ಟಿಗೆ ಹೆಂಡತಿಯನ್ನು ಕರೆದುಕೊಂಡು ಹೋದ. ಅಲ್ಲಿಯ ಊಟದ ಸಾಲೆ ಬಲು ಹೆಸರುವಾಸಿ ಎಂದು ಎಲ್ಲರೂ ಹೇಳಿದ್ದರು. ಹೆಂಡತಿಗೆ ಜೀವನದಲ್ಲಿ ತಾನು ಕೊಡಿಸಿದ ಅತ್ಯಂತ ಒಳ್ಳೆಯ ಊಟ ಇಲ್ಲೇ ಆಗಬೇಕು ಎಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡ.

ಹೋದ ದಿನ ಸಂಜೆ ಇಬ್ಬರೂ ಮರಳಿನ ಮೇಲೆ ನಡೆದರು. ಅವಳು ಮೆಲ್ಲಗೆ ನಡೆಯುತ್ತಿದ್ದಳು. ತಿರುಗಿ ಬರುವಾಗ ನಿಂತುಬಿಟ್ಟಳು.

"ರೀ, ಹಸಿವಾಗ್ತಿದೆ."

ವ್ಯಾಪಾರಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಎಷ್ಟೋ ತಿಂಗಳಿಂದ ಅವಳ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು.

ದಾರಿಯ ಪಕ್ಕದಲ್ಲಿ ಒಬ್ಬ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ. ಅವಳು ಅತ್ತ ತಿರುಗಿದಳು. ಗಂಡ ಅವಳ ಕೈ ಹಿಡಿದುಕೊಂಡ.

"ಅಯ್ಯೋ, ಅದು ಯಾಕೆ? ಇಷ್ಟು ದಿನದ ಮೇಲೆ ಹಸಿವು ಬಂದಿದೆ. ಕಡಲೆಕಾಯಿ ತಿಂದು ಕೆಡಿಸಿಕೊಳ್ತೀಯಾ? ಬಾ, ಒಳ್ಳೆ ಊಟ ಮಾಡಿಸ್ತೀನಿ."

ಅವಳು ನಕ್ಕು ಅವನ ಜೊತೆ ಹೋದಳು.

ಊಟದ ಸಾಲೆಯ ಬಾಗಿಲಲ್ಲೇ ತೊಂದರೆ ಶುರುವಾಯಿತು. ಕಡಲು ಕಾಣುವ ಮೇಜು ಬೇಕೆಂದು ಅವನು ಮೊದಲೇ ಹೇಳಿದ್ದ. ಅಲ್ಲಿ ಬೇರೆ ಯಾರೋ ಕುಳಿತಿದ್ದರು. ಇವರಿಗೆ ಅಡುಗೆಮನೆಯ ಬಾಗಿಲ ಪಕ್ಕದ ಮೇಜು ತೋರಿಸಿದರು. ಬಾಗಿಲು ತೆರೆದಾಗಲೆಲ್ಲ ಪಾತ್ರೆಗಳ ಸದ್ದು ಬರುತ್ತಿತ್ತು.

"ಇಲ್ಲಿ ಕೂರೋದಾ? ನಾನು ಹೇಳಿದ್ದು ಏನು, ನೀವು ಕೊಡ್ತಿರೋದು ಏನು?" ಎಂದ ವ್ಯಾಪಾರಿ.

"ಕ್ಷಮಿಸಿ ಸಾರ್, ಸ್ವಲ್ಪ ಗೊಂದಲ ಆಗಿದೆ," ಎಂದ ವೇಟರ್.

"ಗೊಂದಲ ನಿಮ್ಮದು. ನಾವ್ಯಾಕೆ ಅನುಭವಿಸಬೇಕು?"

ಹೆಂಡತಿ, "ಇಲ್ಲೇ ಕೂರೋಣ ರೀ, ಊಟ ಬಂದರೆ ಸಾಕು," ಎಂದಳು. ಅವನು ಕೇಳಲಿಲ್ಲ. ಇಬ್ಬರೂ ನಿಂತೇ ಇದ್ದರು. ಕೊನೆಗೆ ಕಡಲು ಕಾಣುವ ಒಂದು ಮೇಜು ಖಾಲಿಯಾಯಿತು. ಅದನ್ನು ಒರೆಸಿ, ಹೊಸ ಬಟ್ಟೆ ಹಾಸಿ, ಅವರನ್ನು ಕೂರಿಸಿದರು.

ಮೆನು ತಂದುಕೊಟ್ಟರು. ಮದುವೆಯ ಆಲ್ಬಮ್ಮಿನಷ್ಟು ದಪ್ಪ. ಯಾವ ಹೆಸರನ್ನು ಓದಿದರೂ ಅದು ಅನ್ನವೋ ರೊಟ್ಟಿಯೋ ತಿಳಿಯುತ್ತಿರಲಿಲ್ಲ. ವ್ಯಾಪಾರಿ ಒಂದೊಂದರ ಮೇಲೂ ಬೆರಳಿಟ್ಟು ಕೇಳಿದ. ವೇಟರ್ ಒಂದೊಂದನ್ನೂ ವಿವರಿಸಿದ. ಯಾವ ಬೆಟ್ಟದಿಂದ ಬಂದ ಅಣಬೆ, ಯಾವ ದೇಶದ ಚೀಸು, ಯಾವ ಕಟ್ಟಿಗೆಯ ಹೊಗೆ ಎಂದೆಲ್ಲ ಹೇಳಿದ.

"ಖಾರ ಇರುತ್ತೋ ಇಲ್ಲವೋ, ಅದನ್ನು ಹೇಳಪ್ಪ!" ಎಂದು ವ್ಯಾಪಾರಿ ಹಣೆ ಒತ್ತಿಕೊಂಡ.

ಅಷ್ಟರಲ್ಲಿ ಒಬ್ಬರು ಬೆತ್ತದ ಬುಟ್ಟಿಯಲ್ಲಿ ಬಿಸಿ ಬ್ರೆಡ್ಡು ತಂದಿಟ್ಟರು. ಹೆಂಡತಿ ಒಂದು ಚೂರು ಮುರಿದಳು.

"ಕಾಯಿಲೆಯಾಗಿ ಮಲಗಿದ್ದಾಗ ಬ್ರೆಡ್ಡು ತಿಂದಿದ್ದು ಸಾಲದೇ? ಹೊಟ್ಟೆ ತುಂಬಿಬಿಡುತ್ತೆ, ಇಡು," ಎಂದ ಗಂಡ.

ಅವಳು ಚೂರನ್ನು ಬುಟ್ಟಿಗೇ ಹಾಕಿದಳು.

ಸೂಪು ಬಂತು. ಅವಳು ಚಮಚ ಎತ್ತಿದಳು. ಗಂಡ ಮೊದಲು ತಾನು ರುಚಿ ನೋಡಿದ. ಉಗುರು ಬೆಚ್ಚಗಿತ್ತು. ಅವನ ಮುಖ ಕೆಂಪಾಯಿತು.

"ಇದು ಸೂಪಾ? ಪಾತ್ರೆ ತೊಳೆದ ನೀರು ಇದಕ್ಕಿಂತ ಬಿಸಿಯಾಗಿರುತ್ತೆ! ತಗೊಂಡು ಹೋಗಿ."

"ಕುಡಿಯೋವಷ್ಟು ಬಿಸಿ ಇದೆ ರೀ," ಎಂದಳು ಹೆಂಡತಿ.

"ನೀನು ಸುಮ್ಮನಿರು. ಎಲ್ಲದಕ್ಕೂ ಪರವಾಗಿಲ್ಲ ಪರವಾಗಿಲ್ಲ ಅಂದ್ರೆ ಜನ ತಲೆ ಮೇಲೆ ಕೂರ್ತಾರೆ."

ವೇಟರ್ ಅವಳ ಮುಂದಿನ ಬಟ್ಟಲನ್ನೂ ಎತ್ತಿಕೊಂಡು ಹೋದ. ಚಮಚ ಅವಳ ಕೈಯಲ್ಲೇ ಉಳಿಯಿತು.

ಆಮೇಲೆ ಊಟ ಬಂತು. ಗಾಡಿಯ ಚಕ್ರದಷ್ಟು ಅಗಲದ ತಟ್ಟೆ. ನಡುವೆ ಒಂದು ಹಿಡಿ ಏನೋ ಇತ್ತು. ಸುತ್ತಲೂ ಹಸಿರು ಚುಕ್ಕೆಗಳು.

ವ್ಯಾಪಾರಿ ತಟ್ಟೆಯನ್ನು ನೋಡಿದ. ವೇಟರನನ್ನು ನೋಡಿದ. ಮತ್ತೆ ತಟ್ಟೆಯನ್ನು ನೋಡಿದ.

"ಇದು ಊಟವೋ ರಂಗೋಲಿಯೋ? ಕರೀರಿ ನಿಮ್ಮ ಮ್ಯಾನೇಜರನ್ನ."

ಮ್ಯಾನೇಜರ್ ಬಂದ. ಕ್ಷಮಿಸಿ ಎಂದ. ಮೇಜಿನ ವಿಷಯಕ್ಕೆ ಕ್ಷಮಿಸಿ, ಸೂಪಿಗೂ ಕ್ಷಮಿಸಿ, ತಟ್ಟೆಗೂ ಕ್ಷಮಿಸಿ ಎಂದ. ಕ್ಷಮೆ ಕೇಳಿದಷ್ಟೂ ವ್ಯಾಪಾರಿಯ ದನಿ ಏರಿತು. ಅವನ ಸಿಟ್ಟು ಆ ಸೂಪಿನದಷ್ಟೇ ಆಗಿರಲಿಲ್ಲ. ಎಷ್ಟೋ ತಿಂಗಳು ಹೆಂಡತಿಯ ಕಾಯಿಲೆಯ ಮುಂದೆ ಅವನು ಕೈ ಕಟ್ಟಿ ಕುಳಿತಿದ್ದ. ಕಾಯಿಲೆಯನ್ನು ಬೈಯಲು ಆಗುವುದಿಲ್ಲ. ಇಲ್ಲಿ ಬೈಸಿಕೊಳ್ಳಲು ಮನುಷ್ಯರಿದ್ದರು. ಬೈದರೆ ತಲೆ ತಗ್ಗಿಸುತ್ತಿದ್ದರು, ಹೇಳಿದಂತೆ ಬದಲಾಯಿಸಿ ಕೊಡುತ್ತಿದ್ದರು.

"ಇವಳು ಕಾಯಿಲೆಯಿಂದ ಎದ್ದವಳು ಕಣ್ರೀ," ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. "ಇವತ್ತು ಮೊದಲನೇ ಸಲ ಹಸಿವು ಅಂದಿದ್ದಾಳೆ. ಅಂಥವಳಿಗೆ ಇದನ್ನು ಹಾಕ್ತೀರಾ?"

ಅಕ್ಕಪಕ್ಕದ ಮೇಜಿನವರು ತಿರುಗಿ ಅವಳನ್ನು ನೋಡಿದರು. ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಕಡಲ ಕಡೆ ಮುಖ ಮಾಡಿದಳು.

ಅಡುಗೆಯವನೇ ಹೊರಗೆ ಬಂದ. "ಅಮ್ಮನವರಿಗೆ ಏನು ಬೇಕೋ ಹೇಳಿ, ಮಾಡಿಕೊಡ್ತೀನಿ. ಆದರೆ ಸ್ವಲ್ಪ ಹೊತ್ತು ಹಿಡಿಯುತ್ತೆ," ಎಂದ.

ವ್ಯಾಪಾರಿ ಹೇಳಿದ. ಮೆತ್ತಗಿನ ಅನ್ನ. ಮೆಣಸು ಜೀರಿಗೆ ಕುಟ್ಟಿ ಹಾಕಿದ ಸಾರು. ಆಗ ತಾನೇ ಕಾಯಿಸಿದ ತುಪ್ಪ. ಅಲ್ಲಿಯವರೆಗೆ ಇರಲಿ ಎಂದು ಮ್ಯಾನೇಜರ್ ಹೆಚ್ಚಿದ ಹಣ್ಣು ತರಿಸಿದ.

"ಊಟಕ್ಕೆ ಮುಂಚೆ ಹಣ್ಣು ಕೊಡುವ ಪದ್ಧತಿ ಎಲ್ಲಿದೆ?" ಎಂದು ವ್ಯಾಪಾರಿ ಅದನ್ನೂ ವಾಪಸು ಕಳಿಸಿದ.

ಹಣ್ಣಿನ ತಟ್ಟೆ ದೂರ ಹೋಗುವುದನ್ನು ಅವಳು ನೋಡಿದಳು. ಅವನು ಬೈಯುತ್ತಲೇ ಇದ್ದ. ಈ ದೊಡ್ಡ ಜಾಗಗಳೇ ಹೀಗೆ, ಹೆಸರು ಬೆಟ್ಟದಷ್ಟು, ಒಳಗೆ ಏನೂ ಇಲ್ಲ, ಬಿಟ್ಟರೆ ನಮ್ಮನ್ನೇ ಮಾರಿಬಿಡುತ್ತಾರೆ ಎಂದ. ಅವಳು ಹೂಂ ಎನ್ನುತ್ತಿದ್ದಳು. ಆಮೇಲೆ ಅದನ್ನೂ ನಿಲ್ಲಿಸಿದಳು.

ಕೊನೆಗೆ ಊಟ ಬಂತು. ಹೇಳಿದ ಹಾಗೆಯೇ ಇತ್ತು. ಅನ್ನದಿಂದ ಹಬೆ ಏಳುತ್ತಿತ್ತು. ಸಾರು ಹದವಾಗಿತ್ತು. ತುಪ್ಪ ಘಮಘಮ ಎನ್ನುತ್ತಿತ್ತು. ಮ್ಯಾನೇಜರ್ ಕೈ ಕಟ್ಟಿ ನಿಂತಿದ್ದ, ಅಡುಗೆಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ನೋಡಿದೆಯಾ? ಬಾಯಿ ಬಿಟ್ಟು ಕೇಳಿದರೆ ಎಲ್ಲ ಬರುತ್ತೆ. ಊಟ ಮಾಡು," ಎಂದ ಗಂಡ. ತಾನೇ ಅನ್ನ ಕಲಸಿ ಅವಳ ಮುಂದಿಟ್ಟ.

ಅವಳು ಒಂದು ತುತ್ತು ತಿಂದಳು. ಇನ್ನೊಂದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದಳು. ಆಮೇಲೆ ತಟ್ಟೆಯಿಂದ ಕೈ ತೆಗೆದಳು.

"ಯಾಕೆ? ಚೆನ್ನಾಗಿಲ್ಲವಾ?"

"ಚೆನ್ನಾಗಿದೆ ರೀ. ಹಸಿವು ಹೋಯಿತು."

ವ್ಯಾಪಾರಿ ಒಂದು ಗಳಿಗೆ ಅವಳನ್ನೇ ನೋಡಿದ. ಅವನಿಗೆ ಏನೋ ಹೊಳೆದಿರಬೇಕು, ತುಟಿ ಅಲುಗಿತು. ಆದರೆ ಅಷ್ಟರಲ್ಲಿ ಮ್ಯಾನೇಜರ್ ಕಣ್ಣಿಗೆ ಬಿದ್ದ.

"ಕೇಳಿದಿರಾ? ನೀವು ತಡ ಮಾಡಿದ್ದಕ್ಕೆ ಆಗಿದ್ದು ಇದು!" ಎಂದು ಎದ್ದು ನಿಂತ.

ಅವಳು ಕೈ ತೊಳೆದುಕೊಂಡು ಒಬ್ಬಳೇ ಕೋಣೆಗೆ ಹೋದಳು. ಅವಳು ಹೋದದ್ದು ಅವನಿಗೆ ಬಹಳ ಹೊತ್ತಿನ ಮೇಲೆ ತಿಳಿಯಿತು.

ಮಾರನೆಯ ದಿನ ಇಡೀ ಸಾಲೆಯವರು ಅವರಿಗಾಗಿ ಕಾದಿದ್ದರು. ಕಡಲು ಕಾಣುವ ಮೇಜು ಸಿದ್ಧವಾಗಿತ್ತು, ಸೂಪು ಕುದಿಯುತ್ತಿತ್ತು. ಅವಳು, "ನೀವು ಹೋಗಿ ತಿಂದು ಬನ್ನಿ, ನನಗೆ ಏನೂ ಬೇಡ," ಎಂದಳು. ಅಲ್ಲಿದ್ದಷ್ಟು ದಿನವೂ ಹಾಗೆಯೇ ಹೇಳಿದಳು. ಊರಿಗೆ ಬಂದ ಮೇಲೆ ಅವನು ಮತ್ತೆ ಗಂಜಿ ಕಾಯಿಸಿದ, ಮತ್ತೆ ಚಮಚ ಹಿಡಿದ. ಹಸಿವು ತಿರುಗಿ ಬರುವಷ್ಟರಲ್ಲಿ ಮಳೆಗಾಲ ಕಳೆದು ಚಳಿ ಬಿದ್ದಿತ್ತು. ಅಷ್ಟು ದಿನ ಅವಳು ಸವೆದದ್ದು ಸವೆದೇ ಹೋಯಿತು.

ವ್ಯಾಪಾರಿ ಈಗಲೂ ಬಂದವರಿಗೆಲ್ಲ ಆ ಊಟದ ಸಾಲೆಯ ಕತೆ ಹೇಳುತ್ತಾನೆ. ಅವರಿಗೆ ಹೇಗೆ ಬುದ್ಧಿ ಕಲಿಸಿದೆ, ಮ್ಯಾನೇಜರ್ ಹೇಗೆ ಕೈ ಮುಗಿದ, ಅಡುಗೆಯವನನ್ನು ಹೇಗೆ ಹೊರಗೆ ಕರೆಸಿದೆ ಎಂದು ಹೇಳುತ್ತಾನೆ. ಕೇಳಿದವರು, ಹೆಂಡತಿಗೋಸ್ಕರ ಎಷ್ಟು ಮಾಡಿದ ಎಂದು ತಲೆದೂಗುತ್ತಾರೆ. ಅವಳು ಕಾಫಿ ತಂದಿಟ್ಟು ಒಳಗೆ ಹೋಗುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಅವನ ದನಿಯಲ್ಲಿ ಬೆಳಗಿನ ಬಿಸಿ ಇನ್ನೂ ಇತ್ತು.

"ಆದರೆ ಗುರುಗಳೇ, ಮೇಜು ಬೇರೆಯವರಿಗೆ ಕೊಟ್ಟದ್ದು ಅವರ ತಪ್ಪಲ್ಲವೇ? ಸೂಪು ಆರಿದ್ದು ನಿಜ ತಾನೇ? ವ್ಯಾಪಾರಿ ಹೇಳಿದ್ದರಲ್ಲಿ ಒಂದು ಮಾತಾದರೂ ಸುಳ್ಳಿದೆಯೇ?"

"ಇಲ್ಲ," ಎಂದರು ಗುರುಗಳು. "ತಪ್ಪೆಲ್ಲ ಅವರದೇ, ಹಸಿವು ಮಾತ್ರ ಅವಳದು."

ಶಿಷ್ಯ ಎದ್ದು, ಬೆಳಗಿನ ಆ ಮುದುಕಿಯನ್ನು ಹುಡುಕಿಕೊಂಡು ಅತಿಥಿಗಳ ಕೋಣೆಯತ್ತ ಹೋದ.