ಅಕ್ಕನ ಎಡತೋಳು

"ಕೇಳ್ರಪ್ಪೋ ಕೇಳಿ! ರಾಜಕುಮಾರಿಯ ಮೂರು ಒಗಟು ಬಿಡಿಸಿದವರು ಬೇಡಿದ್ದು ಪಡೆಯುತ್ತಾರೆ. ತಪ್ಪಿದವರ ತಲೆ ಉಳಿಯುವುದಿಲ್ಲ!"

ಡಂಗುರ ಕೇಳಿ ಮಂಕರಿ ಹೆಣೆಯುವ ಜವರ ಎದ್ದು ನಿಂತ. ಅವನಿಗೆ ಬೇಕಿದ್ದುದು ಅಕ್ಕ ದೇವೀರಿಯ ಜೀವ ಒಂದೇ. ಅವಳ ಮೂತ್ರಪಿಂಡಗಳು ಸೋತು ವರ್ಷಗಳಾಗಿದ್ದವು. ಊರ ಛತ್ರದ ಆಸ್ಪತ್ರೆಯಲ್ಲಿದ್ದ ರಕ್ತ ತೊಳೆಯುವ ಯಂತ್ರ ಈಗ ಕೆಟ್ಟು ಕೂತಿತ್ತು. ಇನ್ನೊಂದಿದ್ದದ್ದು ಅರಮನೆಯಲ್ಲಿ, ರಾಜಕುಮಾರಿಗೂ ಅದೇ ರೋಗ. ಯಂತ್ರಕ್ಕೆ ರಕ್ತ ಹರಿಸಲೆಂದು ವೈದ್ಯರು ಅಕ್ಕನ ತೋಳಿನ ರಕ್ತನಾಳಗಳನ್ನು ಕೂಡಿಸಿದ್ದರು. ಬಲತೋಳಿನದು ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು. ಒತ್ತಿದರೆ ಅದೂ ಮುಚ್ಚೀತೆಂದು, ಉಳಿದ ಎಡತೋಳಿಗೆ ಜವರ ಬಳೆಯನ್ನೂ ತೊಡಗೊಡದೆ ಕಾದಿದ್ದ.

"ಹೋಗ್ಬ್ಯಾಡ ಕಣೋ," ಅಂದಳು ಅಕ್ಕ.

"ಹೋದ್ರೆ ನನ್ ತಲೆ, ಹೋಗ್ದಿದ್ರೆ ನೀನು," ಎಂದು ಹೊರಟೇಬಿಟ್ಟ.

"ನಿಲ್ಲಬೇಕಾದಲ್ಲಿ ಹರಿಯುತ್ತದೆ, ಹರಿಯಬೇಕಾದಲ್ಲಿ ನಿಲ್ಲುತ್ತದೆ. ಏನದು?" ಎಂದಳು ಅರಮನೆಯ ಸಭೆಯಲ್ಲಿ ರಾಜಕುಮಾರಿ.

"ಸೋತ ಸೈನ್ಯ," ಎಂದ ದಂಡನಾಯಕ. ಪಾಪ, ಅವನಿಗೆ ಎಲ್ಲೆಲ್ಲೂ ಸೈನ್ಯವೇ. ತಲೆ ಹೋಯಿತು. "ಕಣ್ಣೀರು," ಎಂದ ಮಂತ್ರಿಯ ಮಗನದೂ ಹೋಯಿತು.

ಜವರನ ಸರದಿ ಬಂತು. ರಾಜಕುಮಾರಿಯ ತೋಳಿನ ಬಟ್ಟೆಯಲ್ಲಿ ರಕ್ತ ಜಿನುಗುತ್ತಿದ್ದುದು ಅವನ ಕಣ್ಣಿಗೆ ಬಿತ್ತು.

"ನಿಮ್ಮ ರಕ್ತ, ತಾಯಿ. ಸೂಜಿ ತೆಗೆದ ಗಾಯದಲ್ಲಿ ಎಷ್ಟು ಒತ್ತಿದ್ರೂ ನಿಲ್ಲಾಕಿಲ್ಲ. ಯಂತ್ರದ ಕೊಳವೇಲಿ ಹೆಪ್ಪಾಗಿ ಕೂತ್ಕತದೆ."

"ಸರಿ. ಮನೆ ತುಂಬ ಕಾವಲುಗಾರರು. ಗೋಡೆ ಒಡೆದರೂ ಒಬ್ಬನೂ ಏಳುವುದಿಲ್ಲ. ಯಾಕೆ?"

"ರಕ್ತ ಕಟ್ಟೋ ಕಣಗಳು, ತಾಯಿ. ಅವು ಕಮ್ಮಿಯಿಲ್ಲ, ಮೈಯಿಂದ ಹೊರಗೆ ಹೋಗ್ದೇ ಉಳಿದ ವಿಷ ಅವಕ್ಕೆ ಮಂಕು ಕವಿಸ್ತದೆ. ಛತ್ರದ ವೈದ್ಯರು ಹಂಗಂದಿದ್ರು."

ರಾಜಕುಮಾರಿಯ ದನಿ ತಗ್ಗಿತು. "ಹಾಡುವವರೆಗೆ ಬದುಕು, ಸುಮ್ಮನಾದರೆ ಸಾವು. ಯಾವುದದು?"

"ನಿಮ್ಮ ಈ ತೋಳು. ಒಳಗೆ ರಕ್ತ ಹರೀತಿದ್ರೆ ಗುಂಯ್ ಅಂತದೆ, ಹೆಪ್ಪುಗಟ್ಟಿದ್ರೆ ಸುಮ್ಕಾಗ್ತದೆ. ದಿನಾ ಒಲೆ ಹಚ್ಚೋಕೆ ಮುಂಚೆ ನಮ್ಮಕ್ಕನ ತೋಳಿಗೆ ಕಿವಿ ಇಡ್ತೀನಿ."

ರಾಜಕುಮಾರಿ ಅತ್ತುಬಿಟ್ಟಳು. "ನನ್ನ ತೋಳಿಗೆ ಯಾರೂ ಕಿವಿ ಇಟ್ಟಿಲ್ಲ. ನಿನ್ನ ಅಕ್ಕನನ್ನು ಕರೆತಾ. ಯಂತ್ರದ ಬಳಿ ನನ್ನ ಪಕ್ಕದಲ್ಲೇ ಮಲಗಲಿ."

ಪಲ್ಲಕ್ಕಿ ಬಂದಾಗ ದೇವೀರಿ ಬಾಗಿಲಲ್ಲಿದ್ದಳು, ಮುಖದ ತುಂಬ ನಗು. ಎಡತೋಳಿನಲ್ಲಿ ಅರಿಸಿನದ ದಾರ ಮಾಂಸ ಕಚ್ಚಿ ಕೂತಿತ್ತು.

"ನಿನ್ ತಲೆ ಉಳೀಲಿ ಅಂತ ಹರಕೆ ಕಟ್ಕಂಡೆ ಕಣಪ್ಪ. ಹೆಂಗಸ್ರು ಎಡತೋಳಿಗೇ ಕಟ್ಬೇಕಲ್ಲ. ಜಾರಿದ್ರೆ ಹರಕೆ ಮುರೀತದೆ ಅಂತ ಬಿಗಿಯಾಗೇ ಕಟ್ದೆ."

ಜವರ ದಾರವನ್ನು ಹಲ್ಲಿನಲ್ಲೇ ಕಡಿದ. ತೋಳಿಗೆ ಕಿವಿ ಇಟ್ಟ. ಇನ್ನೊಂದು ಕಿವಿ ಇಟ್ಟ. ಪಲ್ಲಕ್ಕಿಯವರು ಕೆಮ್ಮಿದ್ದು ಕೇಳಿಸಿತು, ಬೇರೇನೂ ಇಲ್ಲ.

"ಏನಂತದೋ?"

ಅವನು ತಲೆ ಎತ್ತಲಿಲ್ಲ. ಅವಳಿಗೆ ತಿಳಿಯಿತು.

"ಹೋಗ್ಲಿ ಬಿಡು," ಎಂದು ಅವನ ತಲೆ ಸವರಿದಳು. "ಇದು ಉಳೀತಲ್ಲ."