ಹೆಸರಿಗೆ ರುಚಿ ಹತ್ತುತ್ತಿದ್ದ ದೇವೀರಿ

ಒಂದಾನೊಂದು ಕಾಲದಲ್ಲಿ ಅಂತಲೇ ಶುರು ಮಾಡ್ಬೇಕಾ? ಆಯ್ತು, ಹಂಗೇ ಇರ್ಲಿ. ಒಂದಾನೊಂದು ಕಾಲದಲ್ಲಿ ಪುರಿ ಹುರಿಯೋ ಜವರಯ್ಯ ಅಂತ ಒಬ್ಬ ಇದ್ನಂತೆ. ಅವನ ಹೆಂಡ್ತಿ ಹೊನ್ನಮ್ಮ, ಒಬ್ಬಳೇ ಮಗಳು ದೇವೀರಿ. ದೊಡ್ಡ ಬಾಣಲೀಲಿ ಮರಳು ಕಾಯಿಸಿ, ಅದ್ರಲ್ಲಿ ಅಕ್ಕಿ ಸುರಿದು, ಪಟಪಟ ಅಂತ ಅರಳಿಸಿ ಜರಡಿ ಹಿಡಿಯೋದು ಅವರ ಕಸುಬು. ಈಗಲೇ ಹೇಳಿಬಿಡ್ತೀನಿ ಮಗ, ಇದು ಸಿಹಿ ಕತೆ ಅಲ್ಲ. ಆಮೇಲೆ ಅಜ್ಜಿ ಮೋಸ ಮಾಡಿದ್ಳು ಅನ್ಬೇಡ.

ಆ ದೇವೀರಿಗೆ ಹುಟ್ಟಿದಾಗಿಂದ ಒಂದು ವಿಚಿತ್ರ ಇತ್ತಂತೆ. ಯಾರ ಹೆಸರಾದ್ರೂ ಅವಳ ಬಾಯಲ್ಲಿ ಬಂತು ಅಂದ್ರೆ ನಾಲಿಗೆ ಮೇಲೆ ರುಚಿ ಏಳ್ತಿತ್ತಂತೆ. ಬೇರೆಯವರು ಹೇಳಿದ್ರೆ ಏನೂ ಇಲ್ಲ, ತಾನು ಹೇಳಿದ್ರೆ ಮಾತ್ರ. ಪಕ್ಕದ ಮನೆ ಕೆಂಪಿ ಅಂದ್ರೆ ಹಸಿ ಕಡ್ಲೆಕಾಯಿ, ಎದುರು ಮನೆ ಪುಟ್ಟೀರಿ ಅಂದ್ರೆ ಸೀಗೆಪುಡಿ. ನಿನ್ನ ಹೆಸರು ಹೆಂಗಿರ್ತಿತ್ತು ಅಂತ ಕೇಳ್ಬೇಡ, ನಂಗೇನು ಗೊತ್ತು, ನನ್ನ ನಾಲಿಗೆಗೆ ಉಪ್ಪು ಖಾರ ಬಿಟ್ರೆ ಬೇರೆ ಗೊತ್ತಿಲ್ಲ.

ಎಲ್ಲರಿಗೂ ಹಂಗೇ ಆಗುತ್ತೆ ಅಂತ ಅವಳು ಅಂದ್ಕೊಂಡಿದ್ಳಂತೆ, ಪಾಪ. ಅದಕ್ಕೇ ಒಂದಿನ ಆಟದಲ್ಲಿ ಪುಟ್ಟೀರೀನ ಕರೀರೇ ಅಂದ್ರೆ, ನಾನು ಕರಿಯಲ್ಲ, ಬಾಯೆಲ್ಲಾ ಸೀಗೆಪುಡಿ ಆಗುತ್ತೆ ಅಂದುಬಿಟ್ಟಳಂತೆ. ಆ ಹುಡುಗಿ ಅತ್ಕೊಂಡು ಮನೆಗೆ ಹೋಯ್ತು, ಅವರಮ್ಮ ಜಗಳಕ್ಕೆ ಬಂದ್ಳು. ಹೊನ್ನಮ್ಮ ಮಗಳನ್ನ ಕೂರಿಸ್ಕೊಂಡು ಏನೇ ಇದು ಅಂತ ಕೇಳಿದ್ರೆ, ಯಾಕವ್ವ, ನಿಂಗೆ ಹತ್ತಲ್ವಾ ರುಚಿ ಅಂತ ಇವಳೇ ತಿರುಗಿ ಕೇಳಿದ್ಳಂತೆ. ಅವ್ವನ ಮುಖ ಬಿಳಿಚಿಕೊಂಡಿದ್ದು ನೋಡಿಯೇ ಗೊತ್ತಾಯ್ತಂತೆ, ಇದು ತನಗೊಬ್ಬಳಿಗೇ ಅಂತ.

ಆಮೇಲೆ ಶುರುವಾಯ್ತು ಮದ್ದು. ಮೊದಲು ಬಜೆ ತೇದು ನಾಲಿಗೆಗೆ ಹಚ್ಚಿದ್ರು, ಉರೀತು, ರುಚಿ ಹೋಗ್ಲಿಲ್ಲ. ಆಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರು, ಮನೆಮಂದಿಗೆಲ್ಲಾ ಕೆಮ್ಮು ಬಂತು, ರುಚಿ ಹೋಗ್ಲಿಲ್ಲ. ಮೂರನೇ ಮದ್ದು ಹೊನ್ನಮ್ಮನ ಕೈ. ಅದಕ್ಕೂ ರುಚಿ ಹೋಗ್ಲಿಲ್ಲ, ಆದ್ರೆ ಹುಡುಗಿ ಹೇಳೋದು ನಿಲ್ಲಿಸಿದ್ಳು. ವಾಸಿಯಾಯ್ತು ಅಂತ ಎಲ್ಲರೂ ಸಮಾಧಾನ ಆದ್ರಂತೆ. ಹಂಗೇ ಅಲ್ವಾ ಜನ, ತಮಗೆ ಕೇಳಿಸದೇ ಹೋದ್ರೆ ವಾಸಿಯಾದಂಗೆ.

ಆಮೇಲೆ ದೇವೀರಿ ಬೆಳೆದಳು, ಮದುವೆ ವಯಸ್ಸಿಗೆ ಬಂದಳು. ವಾರಕ್ಕೊಂದು ಸಲ ಪುರಿ ಮೂಟೆ ಕತ್ತೆ ಮೇಲೆ ಹೇರ್ಕೊಂಡು ಸಂತೆಗೆ ಹೋಗೋಕೆ ಬೋರಯ್ಯ ಅನ್ನೋ ಹುಡುಗ ಬರ್ತಿದ್ನಂತೆ. ಎತ್ತರದ ಆಳು, ಮಾತು ಕಮ್ಮಿ, ಯಾರಾದ್ರೂ ಮಾತಾಡಿದ್ರೆ ಕೆಲಸ ಬಿಟ್ಟು ಕೇಳೋನು. ಒಂದಿನ ಮೂಟೆ ಎಣಿಸಿ ಕೊಡುವಾಗ ದೇವೀರಿ ಅವನ ಹೆಸರು ಹಿಡಿದು ಕರೆದಳು, ಕರೆದವಳು ಮುಖ ಹಿಂಡಿದಳು. ಯಾಕೆ ಅಂತ ಅವನು ಕೇಳಿದ. ಎಷ್ಟೋ ವರ್ಷದಿಂದ ಬಾಯಿ ಕಟ್ಕೊಂಡಿದ್ಳಲ್ಲ, ಏನಾಯ್ತೋ ಏನೋ, ಹೇಳಿಬಿಟ್ಟಳಂತೆ, ನಿನ್ನ ಹೆಸರು ನನ್ನ ಬಾಯಿಗೆ ಹಾಗಲಕಾಯಿ ಕಣಯ್ಯ ಅಂತ. ಅವನು ನಗಲಿಲ್ಲವಂತೆ. ಎಳೇದೋ ಬಲಿತಿದ್ದೋ ಅಂತ ಕೇಳಿದ್ನಂತೆ. ಬಲಿತಿದ್ದು ಅಂದ್ಳಂತೆ. ಅಲ್ಲಿಗೆ ದೇವೀರಿ ಮನಸ್ಸು ಅವನ ಮೇಲೆ ಕೂತುಬಿಡ್ತು.

ಆಮೇಲೆ ಒಂದೇ ತಿಂಗಳಲ್ಲಿ ಮೂರು ಕಡೆಯಿಂದ ಹೆಣ್ಣು ಕೇಳ್ಕೊಂಡು ಬಂದ್ರಂತೆ. ತೋಟದ ತಿಮ್ಮಯ್ಯ ಒಬ್ಬ, ನಮ್ಮ ಬೋರಯ್ಯ ಒಬ್ಬ, ಎಣ್ಣೆ ಗಾಣದ ಗುರುವಯ್ಯ ಒಬ್ಬ. ಜವರಯ್ಯನಿಗೆ ಯಾರಿಗೆ ಕೊಡೋದು ಅಂತ ತಲೆ ಕೆಟ್ಟುಹೋಯ್ತು. ಆಗ ನೆನಪಾಯ್ತು ನೋಡು ಮಹಾರಾಯನಿಗೆ, ಮಗಳ ನಾಲಿಗೆ! ಬೇಡದೇ ಇದ್ದಾಗ ಹುಚ್ಚಾಗಿತ್ತು, ಈಗ ದೇವರು ಕೊಟ್ಟ ವರ ಆಗೋಯ್ತು. ಮಗಳನ್ನ ದೇವರ ಮುಂದೆ ಕೂರಿಸಿ ಮೂರೂ ಹೆಸರು ಹೇಳು, ಯಾವುದು ಹೆಂಗಿದೆ ಹೇಳು ಅಂದ್ನಂತೆ.

ಸುಳ್ಳು ಹೇಳಬಹುದಾಗಿತ್ತು. ಅವಳಿಗೆ ಬರ್ಲಿಲ್ಲ, ಏನ್ಮಾಡ್ತೀಯ. ತಿಮ್ಮಯ್ಯ ಅಂದ್ಳು, ಸೀದ ಹಾಲು. ಬೋರಯ್ಯ ಅಂದ್ಳು, ಹಾಗಲಕಾಯಿ. ಗುರುವಯ್ಯ ಅಂದ್ಳು, ಹೊಸ ಬೆಲ್ಲಕ್ಕೆ ತುಪ್ಪ ಬಿಟ್ಟಂಗೆ. ಜವರಯ್ಯ ಕೈ ಮುಗಿದು ಎದ್ದೇಬಿಟ್ಟ. ಆಗ ಅವಳು ಅಪ್ಪನ ಪಂಚೆ ಹಿಡ್ಕೊಂಡು ಹೇಳಿದ್ಳಂತೆ.

"ಅಪ್ಪಯ್ಯ, ರುಚಿ ಹೆಸರಿಂದು, ಮನುಷ್ಯಂದಲ್ಲ. ಹೋದ ವರ್ಷ ನಮ್ಮ ಪುರಿ ಮೂಟೆ ಕದ್ದನಲ್ಲ ಚಿಕ್ಕೀರ, ಅವನ ಹೆಸರು ನಂಗೆ ಹೋಳಿಗೆ."

ಜವರಯ್ಯ ಕೇಳ್ಲಿಲ್ಲ. ಬೋರಯ್ಯನೂ ಬಂದು ಒಂದು ಮಾತು ಹೇಳಿದ್ನಂತೆ, ಮದುವೆ ಆದ್ಮೇಲೆ ಹೆಂಡ್ತಿ ಗಂಡನ ಹೆಸರು ಎತ್ತೋ ಹಂಗೇ ಇಲ್ವಲ್ಲ ಮಾವ, ಕಹಿ ಆದ್ರೇನು ಸಿಹಿ ಆದ್ರೇನು ಅಂತ. ಎಷ್ಟು ಸರಿಯಾದ ಮಾತು ನೋಡು. ಜವರಯ್ಯ ಅವನಿಗೆ ಪುರಿ ಕೊಡೋದನ್ನೇ ನಿಲ್ಲಿಸಿದ. ಬೋರಯ್ಯ ಕತ್ತೆ ಹೊಡ್ಕೊಂಡು ಬೇರೆ ಸೀಮೆಗೆ ಹೋದ.

ಮದುವೆ ಆಯ್ತು. ಗಂಡನ ಮನೆ ಹೊಸ್ತಿಲಲ್ಲಿ ಗುರುವಯ್ಯನ ಅಕ್ಕ ಅಡ್ಡ ನಿಂತು, ಗಂಡನ ಹೆಸರು ಹೇಳಿದ್ರೇ ಒಳಗೆ ಬಿಡೋದು ಅಂದ್ಳಂತೆ. ದೇವೀರಿ ಹೇಳಿದ್ಳು. ಬಾಯಿ ತುಂಬಾ ಬೆಲ್ಲ ತುಪ್ಪ. ಆ ರುಚಿ ನಾಲಿಗೆ ಮೇಲೆ ಇರೋ ಹಂಗೇ ಒಳಗೆ ಹೋದಳಂತೆ. ಅಷ್ಟೇ. ಅದೇ ಮೊದಲು, ಅದೇ ಕೊನೆ. ಮಾರನೇ ದಿನದಿಂದ ಅವನ ಹೆಸರು ಎತ್ತೋ ಹಂಗಿಲ್ಲ, ರೀ ಅನ್ಬೇಕು, ಇಲ್ಲಾ ಮನೆಯವರು ಅನ್ಬೇಕು. ಒಂದು ತುತ್ತು ಸಿಹಿಗೆ ಇಡೀ ಬದುಕು ಕೊಟ್ಟಂಗಾಯ್ತು. ನಂಗಂತೂ ಆ ಜವರಯ್ಯನ್ನ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಗುರುವಯ್ಯ ಹೊಡೆಯೋನಲ್ಲ, ಬಡಿಯೋನಲ್ಲ. ಆದ್ರೆ ದೇವೀರಿ ನಂಬಿ ತನ್ನ ನಾಲಿಗೆ ವಿಷಯ ಹೇಳಿದ್ರೆ ಗಾಣದ ಹತ್ರ ಕೂತು ಊರಿಗೆಲ್ಲಾ ಹೇಳಿ ನಕ್ಕನಂತೆ. ನೀರಿಗೆ ಹೋದ್ರೆ ಹೆಂಗಸರು, ನನ್ನ ಹೆಸರು ಸಾರೋ ಪಲ್ಯವೋ ಅಂತ ಕೇಳೋರಂತೆ. ದೇವೀರಿ ಮತ್ತೆ ಬಾಯಿ ಮುಚ್ಕೊಂಡಳು.

ಆಮೇಲೆ ಒಂದು ಹೆಣ್ಣು ಮಗು ಆಯ್ತಂತೆ. ಮಗು ಮಲಗಿರುವಾಗ ಇವಳು ಒಂದೊಂದೇ ಹೆಸರು ಬಾಯಲ್ಲಿಟ್ಟು ನೋಡಿದ್ಳಂತೆ. ರಾಚಿ ಅಂದ್ರೆ ಎಳನೀರು. ಇದೇ ಇರ್ಲಿ, ದಿನಪೂರ್ತಿ ಕರೀಬಹುದು ಅಂತ ಆಸೆಪಟ್ಳು. ಆದ್ರೆ ಹೆಸರಿಡೋದು ಸೋದರತ್ತೆ ತಾನೆ. ಗುರುವಯ್ಯನ ಅಕ್ಕ ತೊಟ್ಟಿಲಿಗೆ ಬಗ್ಗಿ, ನಮ್ಮಜ್ಜಿ ಹೆಸರು ಅಂತ ಹೇಳಿ ಮಾದೇವಿ ಅಂತ ಕಿವೀಲಿ ಉಸುರಿದ್ಳು. ದೇವೀರಿ ಒಂದು ಸಲ ಮೆಲ್ಲಗೆ ಹೇಳಿ ನೋಡಿದ್ಳು. ಬೇವಿನ ಚಕ್ಕೆ ಕಷಾಯ. ಬೋರಯ್ಯನ ಹಾಗಲಕಾಯೇ ಎಷ್ಟೋ ವಾಸಿ.

ಗಂಡನ ಹೆಸರು ಹೇಳೋ ಹಂಗಿಲ್ಲ, ಮಗಳ ಹೆಸರು ಹೇಳದೇ ಇರೋ ಹಂಗಿಲ್ಲ. ಕರೆದಾಗೆಲ್ಲಾ ಕಹಿ, ಕರೆದಾಗೆಲ್ಲಾ ಮುಖ ಹಿಂಡೋದು. ಮಗು ಅದನ್ನ ನೋಡ್ಕೊಂಡೇ ಬೆಳೀತು. ಮಿಕ್ಕ ಮಕ್ಕಳ ಅವ್ವಂದಿರು ನಕ್ಕೊಂಡು ಕರೀತಾರೆ, ನಮ್ಮವ್ವ ಮಾತ್ರ ಕಹಿ ಕುಡಿದಂಗೆ ಮುಖ ಮಾಡ್ತಾಳೆ. ಆ ಹುಡುಗಿ ಕರೆದ ಕಡೆ ಬರೋದು ಕಮ್ಮಿ ಮಾಡ್ತು, ಆ ಸೋದರತ್ತೆ ಮನೇಲೇ ಉಣ್ಣೋದು, ಅಲ್ಲೇ ಮಲಗೋದು. ಕೊನೆಗೆ ಎಂಟು ವರ್ಷದವಳಿದ್ದಾಗ ಬಟ್ಟೆ ಗಂಟು ಕಟ್ಕೊಂಡು, ನಾನು ಅತ್ತೆ ಮನೇಲೇ ಇರ್ತೀನಿ ಅಂತ ಹೊರಟೇಬಿಟ್ಳಂತೆ. ದೇವೀರಿ ಮಾದೇವಿ ಅಂತ ಕೂಗಿದ್ಳು. ಹುಡುಗಿ ತಿರುಗಿ ಆ ಮುಖ ನೋಡಿದ್ಳು.

"ನೋಡು, ಈಗಲೂ ಹಿಂಡಿದೆ. ನನ್ನ ಕಂಡ್ರೆ ನಿಂಗೆ ಯಾಕವ್ವ ಆಗಲ್ಲ?"

ದೇವೀರಿ ತನ್ನ ಅವ್ವನಿಗೆ ಹೇಳಿ ಏಟು ತಿಂದಿದ್ಳು, ಅಪ್ಪನಿಗೆ ಹೇಳಿ ಬೋರಯ್ಯನ್ನ ಕಳ್ಕೊಂಡಿದ್ಳು, ಗಂಡನಿಗೆ ಹೇಳಿ ನಗೆಪಾಟಲಾಗಿದ್ಳು. ಆದ್ರೂ ಹೊಸ್ತಿಲ ಮೇಲೆ ಕೂತು ಮಗಳಿಗೆ ಎಲ್ಲಾ ಹೇಳಿದ್ಳಂತೆ. ಹುಡುಗಿ ಗಂಟು ಹಿಡ್ಕೊಂಡೇ ಕೇಳಿದ್ಳು.

ಹಂಗಾದ್ರೆ ಬೆಳಗ್ಗೆಯಿಂದ ಎಷ್ಟು ಸಲ ಕರೆದೆ ಅಂತ ಕೇಳಿದ್ಳಂತೆ. ಲೆಕ್ಕ ಇಟ್ಟಿಲ್ಲ ಕಣೆ ಅಂದ್ಳು ದೇವೀರಿ. ತಲೆ ಬಾಚೋಕೆ ಕರೆದೆ, ರೊಟ್ಟಿ ತಿನ್ನೋಕೆ ಕರೆದೆ, ಮುಳ್ಳು ತುಳೀಬೇಡ ಅಂತ ಕರೆದೆ ಅಂತ ಮಗಳೇ ಎಣಿಸಿದ್ಳು. ಸುಮ್ಸುಮ್ನೆನೂ ಕರೆದೆ, ಅದ್ಯಾಕೆ ಅಂದ್ಳು ಮಗಳು. ಎಲ್ಲಿದ್ದೀಯೋ ಅಂತ ಕಣೆ, ಇನ್ಯಾಕೆ ಅಂದ್ಳು ದೇವೀರಿ.

ಮಾದೇವಿ ಗಂಟು ಒಳಗಿಟ್ಟು ಬಂದಳಂತೆ. ಇನ್ಮೇಲೆ ಕರೀಬೇಡವ್ವ, ನಾನೇ ಬಂದು ನಿನ್ನ ಎದುರಿಗೆ ನಿಲ್ತೀನಿ ಅಂದ್ಳಂತೆ. ಅಂದಂಗೇ ಮಾಡಿದ್ಳು. ಬಿಸಿಲು ಏರೋ ಹೊತ್ತಿಗೆ ಬಂದು ನಿಲ್ಲೋಳು, ಊಟದ ಹೊತ್ತಿಗೆ ಬಂದು ನಿಲ್ಲೋಳು. ನಂಬೋರು ಅಂತ ಒಬ್ಬರು ಸಿಗೋ ಹೊತ್ತಿಗೆ ದೇವೀರಿ ಅರ್ಧ ಆಯಸ್ಸು ಸವೆದಿತ್ತು. ಕೊನೆಗಾದ್ರೂ ಸಿಕ್ಕಿದ್ರಲ್ಲ ಅನ್ನೋರು ಅನ್ಲಿ, ನಾನು ಅನ್ನಲ್ಲ.

ಮೂರನೇ ದಿನ ಮಗಳು ಎದುರಿಗೇ ಕೂತು ಉಣ್ತಿದ್ರೆ, ದೇವೀರಿ ಮಾದೇವಿ ಅಂದ್ಳಂತೆ. ಮುಖ ಕಿವುಚಿಕೊಳ್ತು. ಇಲ್ಲೇ ಇದ್ದೀನಲ್ಲವ್ವ, ಯಾಕೆ ಕರೆದೆ ಅಂದ್ಳು ಹುಡುಗಿ.

"ಎರಡು ದಿನದಿಂದ ಬಾಯಿ ಸಪ್ಪೆ ಆಗಿತ್ತು ಕಣೆ" ಅಂದ್ಳಂತೆ ದೇವೀರಿ.

ಆ ಹಿಂಡಿದ ಮುಖ ನೋಡಿ ಹುಡುಗಿ ಓ ಅಂತ ಓಗೊಟ್ಟಳಂತೆ. ಮುಗೀತು ಮಗ, ಕತೆ ಇಷ್ಟೇ. ಮಲಕ್ಕೋ ಇನ್ನ.